ಅಕ್ಷರಕ್ಕೆ ಅಂದ ಕೊಡುವ ಗುಂಡಿಗಳು ಎಲ್ಲಿವೆ?



ಈ ಗೋಡೆ ಪತ್ರಿಕೆ ಬರೆಯುವಾಗ ನಾವು ತಲೆಬರಹಕ್ಕೆ ಸ್ಕೆಚ್ ಪೆನ್ನು ಹಿಡಿಯುತ್ತೇವೆ, ಸ್ಕೇಲ್ ಇಟ್ಟು ಅಡಿಗೆರೆ ಎಳೆಯುತ್ತೇವೆ, ಎಡಕ್ಕೆ ಮಾರ್ಜಿನ್ ಬಿಡುತ್ತೇವೆ. ಇದೇ ಕೆಲಸಕ್ಕೆ ಕಂಪ್ಯೂಟರಿನಲ್ಲಿ ಫಾರ್ಮ್ಯಾಟಿಂಗ್ ಅಂತಾರೆ. ಕುಡಿಯುವ ನೀರಿನ ಟ್ಯಾಂಕ್ ತೊಳೆಸಿಕೊಡಿ ಅಂತ ನಮ್ಮ ತರಗತಿಯಿಂದ ಪಂಚಾಯ್ತಿಗೆ ಕೊಡುವ ಅರ್ಜಿಯನ್ನು ಟೈಪ್ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಆ ನೆಪದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾವ ಅಕ್ಷರ ಬದಲಾಗಬೇಕೋ ಅದನ್ನು ಮೊದಲು ಮೌಸಿನಿಂದ ಎಳೆದು ಸೆಲೆಕ್ಟ್ ಮಾಡಬೇಕು. ಇಲ್ಲದಿದ್ದರೆ ಯಾವುದಕ್ಕೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ವರ್ಡ್‌ನಲ್ಲಿ 2007ರಿಂದ ಈ ಗುಂಡಿಗಳೆಲ್ಲ ಮೇಲಿನ 'ಹೋಮ್' ಪಟ್ಟಿಯಲ್ಲೇ ಇವೆ. ದಪ್ಪ ಅಕ್ಷರಕ್ಕೆ ಬಿ, ಓರೆ ಅಕ್ಷರಕ್ಕೆ ಐ, ಅಡಿಗೆರೆಗೆ ಯು. ಪಟ್ಟಿಯೇ ಕಾಣದಿದ್ದರೆ ಹೆದರಬೇಡಿ, ಕಂಟ್ರೋಲ್ ಹಿಡಿದು ಎಫ್1 ಒತ್ತಿ, ಬರುತ್ತೆ. ಲಿಬ್ರೆ ಆಫೀಸ್ ರೈಟರ್ ಇದ್ದವರು 'ವ್ಯೂ' ಒಳಗೆ 'ಟೂಲ್‌ಬಾರ್ಸ್', ಅದರೊಳಗೆ 'ಫಾರ್ಮ್ಯಾಟಿಂಗ್' ಆರಿಸಿ. ಎರಡರಲ್ಲೂ ಕಂಟ್ರೋಲ್ ಹಿಡಿದು ಬಿ, ಐ, ಯು ಒತ್ತಿದರೂ ಅದೇ ಕೆಲಸ ಆಗುತ್ತೆ.

ಆದರೆ ನಮ್ಮ ಕನ್ನಡಕ್ಕೆ ಈ ಮೂರೂ ಒಂದೇ ಸಮ ಒಗ್ಗುವುದಿಲ್ಲ. ನಮ್ಮಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದಲ್ಲ! 'ಅಧ್ಯಕ್ಷರಿಗೆ' ಅಂತ ಟೈಪ್ ಮಾಡಿ ಅಡಿಗೆರೆ ಕೊಟ್ಟರೆ ಗೆರೆ ಒತ್ತುಗಳ ಮೇಲೇ ಹಾಯುತ್ತದೆ. ಇನ್ನು ಬಹಳಷ್ಟು ಕನ್ನಡ ಫಾಂಟ್‌ಗಳಲ್ಲಿ ಓರೆ ಅಕ್ಷರ ಬೇರೆಯಾಗಿ ಬರೆದಿರುವುದಿಲ್ಲ. ಇದ್ದದ್ದನ್ನೇ ಕಂಪ್ಯೂಟರ್ ವಾಲಿಸುತ್ತದೆ, ಗಾಳಿಗೆ ಬಾಗಿದ ಜೋಳದ ದಂಟಿನ ಹಾಗೆ ಕಾಣುತ್ತೆ. ಅದಕ್ಕೇ ನಾನು 'ವಿಷಯ' ಅನ್ನುವ ಸಾಲಿಗೆ ಬರೀ ದಪ್ಪ ಅಕ್ಷರ ಇಟ್ಟಿದ್ದೇನೆ.

ಇನ್ನೊಂದು ಎಚ್ಚರಿಕೆ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಇಟ್ಟುಕೊಂಡಿರುತ್ತವೆ. ಅಂಥ ಬರಹದ ಫಾಂಟನ್ನು ಟೈಮ್ಸ್ ನ್ಯೂ ರೋಮನ್‌ಗೆ ಬದಲಿಸಿದರೆ ಕನ್ನಡ ಮಾಯ, ತಲೆಬುಡ ಇಲ್ಲದ ಇಂಗ್ಲಿಷ್ ಪ್ರತ್ಯಕ್ಷ! ಆಗ ಕಂಟ್ರೋಲ್ ಹಿಡಿದು ಝಡ್ ಒತ್ತಿದರೆ ಮೊದಲಿನ ಹಾಗೇ ಆಗುತ್ತದೆ.

ಅಕ್ಷರದ ಗಾತ್ರವನ್ನು ಪಾಯಿಂಟಿನಲ್ಲಿ ಹೇಳುತ್ತಾರೆ, 72 ಪಾಯಿಂಟ್ ಅಂದರೆ ಒಂದು ಇಂಚು. ಅರ್ಜಿಗೆ 14 ಇಟ್ಟಿದ್ದೇನೆ, ಕನ್ನಡಕ ಮರೆತು ಬಂದವರೂ ಓದಬಹುದು. ತಲೆಬರಹ ನಡುವೆ ಬರಲಿ ಅಂತ ಸ್ಪೇಸ್ ಬಾರ್ ಕುಟ್ಟುತ್ತಾ ಕೂರಬೇಡಿ, ಕಂಟ್ರೋಲ್ ಜೊತೆ ಇ ಸಾಕು. ಬಲಕ್ಕೆ ಸರಿಸಲು ಆರ್. 'ಇಂತಿ ತಮ್ಮ ವಿಶ್ವಾಸಿಗಳು' ಅನ್ನುವುದನ್ನು ಹಾಗೇ ಬಲಕ್ಕೆ ಕಳಿಸಿ, ಅದರ ಕೆಳಗೆ ಜಾಗ ಬಿಟ್ಟಿದ್ದೇನೆ.

ಪ್ರಿಂಟು ಸೋಮವಾರ ಬರುತ್ತೆ. ಎಲ್ಲರೂ ಸಹಿ ಹಾಕಬೇಕು, ಪೆನ್ನು ತನ್ನಿ.