ಜಡೆಯೊಳಗಿನ ಲೆಕ್ಕ

ಶಾಲೆಗೆ ಕಂಪ್ಯೂಟರ್ ಕೊಡಿಸಿಬಿಟ್ಟರೆ ಮಕ್ಕಳಿಗೆ ಕಂಪ್ಯೂಟರ್ ವಿದ್ಯೆ ಬಂದಂತೆಯೇ ಎಂದು ನಂಬುವವರು ಜೇನ್ ಮಾರ್ಗೋಲಿಸ್ ಮತ್ತು ಸಂಗಡಿಗರ 2008ರ ಪುಸ್ತಕವನ್ನು ನೋಡಬೇಕು. ಅಮೆರಿಕದ ಲಾಸ್ ಏಂಜಲೀಸ್‌ನ ಮೂರು ಹೈಸ್ಕೂಲುಗಳನ್ನು ಅವರು ಅಧ್ಯಯನ ಮಾಡಿದ್ದರು. ಲ್ಯಾಟಿನೋ, ಆಫ್ರಿಕನ್ ಅಮೆರಿಕನ್ ಮಕ್ಕಳೇ ತುಂಬಿದ್ದ ಶಾಲೆಗಳಲ್ಲಿ ಯಂತ್ರಗಳೇನೋ ಇದ್ದವು; ಪಾಠ ಮಾತ್ರ ಬಹುಮಟ್ಟಿಗೆ ಟೈಪಿಂಗ್‌ನಂಥ ಮೇಲುಮೇಲಿನ ಕೆಲಸಕ್ಕೇ ನಿಂತಿತ್ತು. ಅನುಕೂಲಸ್ಥರ ಬಡಾವಣೆಯ ಶಾಲೆಯಲ್ಲಿ ಪ್ರೋಗ್ರಾಮಿಂಗ್ ಇದ್ದರೂ ಆ ತರಗತಿಯಲ್ಲಿ ಈ ಸಮುದಾಯಗಳ ಮಕ್ಕಳು ಅಪರೂಪ. ಈ ವಿದ್ಯೆ ಕೆಲವರಿಗಷ್ಟೇ ಹುಟ್ಟಿನಿಂದ ಒಲಿಯುತ್ತದೆ ಎಂಬ ನಂಬಿಕೆ ಕಲಿಸುವವರಲ್ಲೂ ಇತ್ತು. ಅದನ್ನು ಉಪದೇಶದಿಂದ ಅಳಿಸಲಾಗದು. ಮಗುವಿನ ಮನೆಯಲ್ಲೇ ಲೆಕ್ಕವಿದೆ, ಕ್ರಮವಿದೆ ಎಂಬುದನ್ನು ಪಾಠದೊಳಗೇ ತೋರಿಸಬೇಕು.

ಆಫ್ರಿಕದ ಊರು, ನೇಯ್ಗೆ, ಕೇಶಾಲಂಕಾರಗಳಲ್ಲಿ ಅಡಗಿದ ಗಣಿತದ ಬಗ್ಗೆ 1999ರಲ್ಲಿ ಪುಸ್ತಕ ಬರೆದ ರಾನ್ ಎಗ್ಲಾಶ್ ಮಾಡಿದ್ದು ಇದನ್ನೇ. ಆಫ್ರಿಕನ್ ಅಮೆರಿಕನ್ನರು ನೆತ್ತಿಗೆ ಅಂಟಿದಂತೆ ಸಾಲುಸಾಲಾಗಿ ಹೆಣೆಯುವ ಕಾರ್ನ್‌ರೋ ಜಡೆಯನ್ನು ಅವರ ತಂಡ ಕಂಪ್ಯೂಟರ್ ಪಾಠವಾಗಿಸಿತು. ಜಡೆಯ ಪ್ರತಿ ಹೆಣಿಗೆಯೂ ಹಿಂದಿನದರ ನಕಲು: ತುಸು ಕಿರಿದು, ತುಸು ಓರೆ, ತುಸು ಮುಂದೆ. ಎಷ್ಟು ಕುಗ್ಗಿಸಬೇಕು, ಎಷ್ಟು ಡಿಗ್ರಿ ತಿರುಗಿಸಬೇಕು, ಎಷ್ಟು ಸಲ ಮರುಕಳಿಸಬೇಕು ಎಂಬ ಅಂಕಿಗಳನ್ನು ವಿದ್ಯಾರ್ಥಿಯೇ ಕೊಡಬೇಕು. ಪ್ರತಿ ಸಲ ಶೇ 95ಕ್ಕೆ ಇಳಿಸಿದರೆ 20 ಸುತ್ತಿನ ಹೊತ್ತಿಗೆ ಹೆಣಿಗೆ ಮೂಲದ ಶೇ 36ರಷ್ಟೇ ಉಳಿಯುತ್ತದೆ. ಅಂಕಿ ಬದಲಿಸಿದರೆ ಜಡೆಯ ಬಾಗು ಬದಲಾಗುತ್ತದೆ. ಹೀಗೆ ಒಂದೇ ಹೆಜ್ಜೆಯನ್ನು ಮರುಕಳಿಸುವುದನ್ನೇ ಪ್ರೋಗ್ರಾಮಿಂಗ್‌ನಲ್ಲಿ ಲೂಪ್ ಎನ್ನುವುದು.

ಕಂಪ್ಯೂಟರಿಗೆ ಜಾತಿಯಿಲ್ಲ, ಕುಲವಿಲ್ಲ, ಪಾಠಕ್ಕೇಕೆ ಸಂಸ್ಕೃತಿ ಎಂದು ಕೇಳಬಹುದು. ಉದಾಹರಣೆಯಿಲ್ಲದ ಪಾಠವಿಲ್ಲ, ಯಾರದೋ ಬದುಕಿನಿಂದ ಬಾರದ ಉದಾಹರಣೆಯೂ ಇಲ್ಲ. ಸಂಸ್ಕೃತಿ ಬೆರೆಸಿದರೆ ಓದು ಜಾಳಾಗುತ್ತದೆ ಎಂಬ ಅಂಜಿಕೆಗೂ ಆಧಾರ ಕಾಣದು. ಎಗ್ಲಾಶ್ ತಂಡ 10ನೇ ತರಗತಿಯ ಎರಡು ಗುಂಪುಗಳನ್ನು ಹೋಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಚಿಕ್ಕದು, ನಿಜ. ಆದರೆ ಆಫ್ರಿಕನ್ ವಿನ್ಯಾಸಗಳ ಮೂಲಕ ಕಲಿತವರು ಕಲಿಕೆಯಲ್ಲೂ ಆಸಕ್ತಿಯಲ್ಲೂ ಮುಂದಿದ್ದರು. ಮೂರನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಆಫ್ರಿಕನ್ ಅಮೆರಿಕನ್ ಮಕ್ಕಳೆಂದರೆ ಜಡೆ ಎಂಬ ಇನ್ನೊಂದು ಅಚ್ಚಿಗೆ ಅವರನ್ನು ಸುರಿದಂತಾಗದೇ? ಬೇರಾರೋ ಆರಿಸಿಕೊಟ್ಟ ಸಂಸ್ಕೃತಿಯಾದರೆ ಖಂಡಿತ ಆಗುತ್ತದೆ. ಆದ್ದರಿಂದ ಆಯ್ಕೆ ಮಕ್ಕಳದೇ ಇರಬೇಕು, ಹೆಣೆಯುವವರ ಮಾತಿಗೂ ತರಗತಿಯಲ್ಲಿ ಜಾಗವಿರಬೇಕು. ಇಂಥ ಪಾಠಕ್ಕೆ ನಮ್ಮಲ್ಲೂ ಬುನಾದಿಯಿದೆ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಮತ್ತು ಸಂಗಡಿಗರು 1974ರಲ್ಲೇ ತಮಿಳರ ಕೋಲಂ ಚಿತ್ತಾರಗಳಿಗೆ ಕಂಪ್ಯೂಟರ್ ವಿಜ್ಞಾನದ ವ್ಯಾಕರಣ, ಅಂದರೆ ಚಿತ್ತಾರ ಮೂಡಿಸುವ ನಿಯಮಗಳನ್ನು, ಬರೆದಿದ್ದರು. ನಮ್ಮ ಚುಕ್ಕಿ ರಂಗೋಲಿ ಅದರ ಹತ್ತಿರದ ನಂಟು. ಹೈಸ್ಕೂಲ್ ಶಿಕ್ಷಕರು ಮುಂದಿನ ಲೂಪ್ ಪಾಠಕ್ಕೆ ಮುನ್ನ ಮಕ್ಕಳನ್ನೇ ಕೇಳಲಿ: ನಿಮ್ಮ ಮನೆಯಲ್ಲಿ ಯಾರು ಏನು ಹೆಣೆಯುತ್ತಾರೆ, ನೇಯುತ್ತಾರೆ, ಬರೆಯುತ್ತಾರೆ?