ಮಸಲ್ ಕಾರನ್ನು ಕಾನೂನು ಕೊಂದಿತಾ?

'ಫಾಸ್ಟ್ ಅಂಡ್ ಫ್ಯೂರಿಯಸ್' ನೋಡಿ ಬೆಳೆದ ನಮ್ಮಂಥವರಿಗೆ ಅಮೆರಿಕದ ಮಸಲ್ ಕಾರ್ ಅಂದ್ರೆ ಈಗಲೂ ಹುಚ್ಚು. ನನಗೂ ಇದೆ. ಆದರೆ ಆ ಹುಚ್ಚಿನ ಬೆನ್ನಿಗೇ ಒಂದು ವಾದವೂ ಬರುತ್ತೆ: ಸರ್ಕಾರದ ನಿಯಮಗಳು ಒಳ್ಳೆ ಕಾರುಗಳನ್ನು ಹಾಳು ಮಾಡಿದವು ಅಂತ. ನಿಜಾನಾ?

ಎರಡು ಕಾರು ಪಕ್ಕಪಕ್ಕ ಇಟ್ಟು ನೋಡೋಣ. 1964ರ ಪಾಂಟಿಯಾಕ್ ಜಿಟಿಒ: 6.4 ಲೀಟರ್ ವಿ8 ಎಂಜಿನ್, 325 ಅಶ್ವಶಕ್ತಿ, ಹಿಂದಿನ ಚಕ್ರಗಳಿಗೆ ಶಕ್ತಿ. 2018ರ ಟೊಯೊಟಾ ಕ್ಯಾಮ್ರಿ ವಿ6: 3.5 ಲೀಟರ್, 301 ಅಶ್ವಶಕ್ತಿ, ಎಳೆಯೋದು ಮುಂದಿನ ಚಕ್ರ.

ಜಿಟಿಒ ಗೆದ್ದಂತೆ ಕಾಣುತ್ತೆ, ಅಲ್ವಾ? ಆದರೆ 1971ರವರೆಗೆ ಅಲ್ಲಿನ ಕಂಪನಿಗಳು ಸಾಮಾನ್ಯವಾಗಿ ಎಂಜಿನ್ನನ್ನು ಕಾರಿನಿಂದ ಹೊರಗಿಟ್ಟು, ಸೈಲೆನ್ಸರ್‌ನಂಥ ಹೊರೆಯಿಲ್ಲದೆ ಶಕ್ತಿ ಅಳೆಯುತ್ತಿದ್ದವು. ಕಾರಿನೊಳಗೆ ಇರುವಂತೆಯೇ ಅಳೆಯೋ ಪದ್ಧತಿ ಬಂದದ್ದು 1972ರಲ್ಲಿ. ಕ್ಯಾಮ್ರಿಯ 301 ಈ ಎರಡನೇ ಲೆಕ್ಕದ್ದು. ಅಂದರೆ ಅರ್ಧದಷ್ಟು ದೊಡ್ಡ ಎಂಜಿನ್‌ನಿಂದ, ಸದ್ದಿಲ್ಲದೆ, ಅಷ್ಟೇ ಶಕ್ತಿ.

ಮುಂದಿನ ಚಕ್ರದ ಲಾಭ ಸರಳ. ಎಂಜಿನ್ ಅಡ್ಡಲಾಗಿ ಕೂರುತ್ತೆ, ಹಿಂದಕ್ಕೆ ಹೋಗುವ ಉದ್ದನೆಯ ಶಾಫ್ಟ್ ಬೇಕಿಲ್ಲ. ತೂಕ ಇಳಿಯುತ್ತೆ, ಕೂರುವವರಿಗೆ ಜಾಗ ಸಿಗುತ್ತೆ. ಎಂಜಿನ್ ಭಾರ ಎಳೆಯೋ ಚಕ್ರದ ಮೇಲೇ ಇರೋದ್ರಿಂದ ಮಳೆ, ಹಿಮದಲ್ಲಿ ಹಿಡಿತ ಹೆಚ್ಚು. ನಷ್ಟವೂ ಇದೆ: ಜೋರಾಗಿ ಹೊರಟಾಗ ಭಾರ ಹಿಂದಕ್ಕೆ ವಾಲುತ್ತೆ, ಆಗ ಹಿಂದಿನ ಚಕ್ರದ ಕಾರೇ ಮೇಲು.

ಈಗ ಕಾನೂನಿನ ಮಾತು. 1970ರ ಶುದ್ಧ ಗಾಳಿ ಕಾಯ್ದೆ ಕಾರಿನ ಕೆಲವು ವಿಷಾನಿಲಗಳನ್ನು 90% ಇಳಿಸಿ ಅಂದಿತು. ಡೆಟ್ರಾಯಿಟ್‌ನ ದೊಡ್ಡ ಕಂಪನಿಗಳು ಆಗಲ್ಲ ಅಂದವು. ಹೋಂಡಾ ತನ್ನ ಸಿವಿಸಿಸಿ ಎಂಜಿನ್‌ನಲ್ಲಿ ಮಾಡಿ ತೋರಿಸಿತು. ಅದನ್ನು ಹೊತ್ತ ಸಿವಿಕ್ ಕೂಡ ಮುಂದಿನ ಚಕ್ರದ್ದೇ. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. 1975ರ ಕಾಯ್ದೆ 1985ಕ್ಕೆ ಗ್ಯಾಲನ್‌ಗೆ 27.5 ಮೈಲಿ, ಅಂದರೆ ಲೀಟರಿಗೆ ಸುಮಾರು 11.7 ಕಿ.ಮೀ. ಸರಾಸರಿ ಮೈಲೇಜ್ ಗುರಿ ಕೊಟ್ಟಿತು.

ಎಪ್ಪತ್ತರ ದಶಕದ ಕೊನೆಯ ಕಾರುಗಳು ಸಪ್ಪೆಯಾಗಿದ್ದವು, ಒಪ್ಪೋಣ. ಆದರೆ ಇಂಧನ, ಹೊಗೆ ಎರಡಕ್ಕೂ ಲೆಕ್ಕ ಕೊಡಬೇಕಾಗಿ ಬಂದಾಗಲೇ ಎಂಜಿನಿಯರ್‌ಗಳು ಹೊಸ ದಾರಿ ಹುಡುಕಿದ್ದು. ಕ್ಯಾಮ್ರಿ ಅದರ ಫಲ.

ಜಿಟಿಒ ಸದ್ದು ನನಗೆ ಈಗಲೂ ಇಷ್ಟ. ಆದರೆ ಮುಂದಿನ ಸಲ ಯಾವುದಾದರೂ ಉದ್ಯಮ "ಈ ನಿಯಮ ಬಂದ್ರೆ ನಾವು ಮುಳುಗ್ತೀವಿ" ಅಂದಾಗ, ಆ ಪುಟ್ಟ ಸಿವಿಕ್ ನೆನಪಿರಲಿ.