ಪರವಾನಿಗೆ ಕಿತ್ತುಕೊಳ್ಳುವುದು ಯಾವಾಗ?

ಕೇಳುಗರೇ, ನಮ್ಮ ಪಾಲಬಾವಿಯ ಕಡೆ ಕಬ್ಬು ಹೇರಿದ ಗಾಡಿ ಮಗುಚಿದರೆ ಜನ ಮೊದಲು ಬಯ್ಯುವುದು ಗಾಡಿ ಹೊಡೆದವನನ್ನು. ಎತ್ತು ಬೆದರಿತೆ, ಅಚ್ಚು ಮುರಿಯಿತೆ, ಅವನು ಇರುಳೆಲ್ಲ ನಿದ್ದೆಗೆಟ್ಟಿದ್ದನೆ ಎಂಬ ವಿಚಾರಣೆ ಆಮೇಲಿನದು. ವಿಮಾನ ಚಾಲಕರ ವಿಷಯದಲ್ಲಿಯೂ ನಾವು ಹೀಗೆಯೇ ಅವಸರಪಡುತ್ತೇವೆ.

2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಮರಿಗೆ ಉರುಳಿತು. ಅದರಲ್ಲಿದ್ದ 166 ಜನರಲ್ಲಿ 158 ಮಂದಿ ಅಸುನೀಗಿದರು. ಕ್ಯಾಪ್ಟನ್ನರು ಪಯಣದಲ್ಲಿ ಬಹಳ ಹೊತ್ತು ನಿದ್ರಿಸಿದ್ದರೆಂದೂ, ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಬೇಕೆಂದು ಸಹಚಾಲಕರು ಮೂರು ಬಾರಿ ಎಚ್ಚರಿಸಿದ್ದರೆಂದೂ ತನಿಖಾ ವರದಿ ತಿಳಿಸಿತು. ಶಿಕ್ಷಿಸಲು ಇಬ್ಬರೂ ಉಳಿದಿರಲಿಲ್ಲ. ಆದ್ದರಿಂದ ಪರವಾನಿಗೆಯ ಕಾನೂನು ದುರಂತದ ನಂತರದ ಸೇಡಿಗಾಗಿ ಇರುವುದಲ್ಲ. ದುರಂತದ ಮುಂಚಿನ ಎಚ್ಚರಕ್ಕಾಗಿ ಇರುವುದು.

ನನ್ನ ಅಭಿಪ್ರಾಯದಲ್ಲಿ ಇಲ್ಲಿ ಮೂರು ಬಗೆಗಳನ್ನು ಬೇರ್ಪಡಿಸಬೇಕು. ದೇಹಕ್ಕೋ ಮನಸ್ಸಿಗೋ ಅಸ್ವಸ್ಥತೆ ಬಂದಾಗ ಪರವಾನಿಗೆಯನ್ನು ತಡೆಹಿಡಿಯುವುದು ಶಿಕ್ಷೆಯಲ್ಲ. ಗುಣವಾದೊಡನೆ ಅದು ಮರಳಬೇಕು. ಪ್ರಾಮಾಣಿಕವಾದ ತಪ್ಪಿಗೆ ಮರುತರಬೇತಿ ಮದ್ದು. ಪುನಃ ಪರೀಕ್ಷೆಯಲ್ಲಿ ತೇರ್ಗಡೆಯಾಗುವವರೆಗೆ ತಡೆ ಸಾಕು. ಆದರೆ ವಂಚನೆ, ಮದ್ಯ, ತಿಳಿದೂ ಮಾಡಿದ ಉಲ್ಲಂಘನೆ ಇವು ಬೇರೆ. 2011ರಲ್ಲಿ ಸುಳ್ಳು ಅಂಕಪಟ್ಟಿಗಳಿಂದ ಪರವಾನಿಗೆ ಪಡೆದ ಚಾಲಕರು ನಮ್ಮ ದೇಶದಲ್ಲಿ ಪತ್ತೆಯಾದರು. ಅಂಥ ಪರವಾನಿಗೆಗೆ ಬುನಾದಿಯೇ ಇಲ್ಲ, ರದ್ದತಿಯೇ ನ್ಯಾಯ. ಮದ್ಯದ ವಿಷಯದಲ್ಲಿ ಭಾರತದ 2015ರ ನಿಯಮಾವಳಿ ಮೆಟ್ಟಿಲುಗಳನ್ನಿಟ್ಟಿತು: ಮೊದಲ ಸಲ 3 ತಿಂಗಳು, ಎರಡನೆಯ ಸಲ 3 ವರ್ಷ ತಡೆ, ಮೂರನೆಯ ಸಲ ರದ್ದು.

ಎಲ್ಲ ತಪ್ಪಿಗೂ ಒಂದೇ ಕೊಡಲಿ ಬೀಸಿದರೆ ಆಗುವುದೇನು? ಚಾಲಕ ತನ್ನ ದಣಿವನ್ನು ಹೇಳುವುದಿಲ್ಲ, ತಪ್ಪನ್ನು ಮುಚ್ಚಿಡುತ್ತಾನೆ; ಮುಚ್ಚಿಟ್ಟ ತಪ್ಪು ಮುಂದಿನ ವಿಮಾನವನ್ನು ಏರುತ್ತದೆ. ತಡವಾದೀತೆಂಬ ಅಂಜಿಕೆಯಿಂದ ಮತ್ತೆ ಮೇಲೇರದವನಿಗಿಂತ, ಮೇಲೇರಿ ಸುತ್ತು ಹೊಡೆದು ಬಂದವನೇ ಮೆಚ್ಚಿಗೆಗೆ ಅರ್ಹ. ಹಾಗೆಂದು ಪ್ರಯಾಣಿಕರ ಪ್ರಾಣ ಚಾಲಕನ ಜೀವನೋಪಾಯಕ್ಕಿಂತ ಹಗುರವೂ ಅಲ್ಲ. ಸಂಶಯ ಬಲವಾಗಿದ್ದರೆ ತಕ್ಷಣ ತಡೆಯಲಿ. ಆದರೆ ಶಾಶ್ವತವಾಗಿ ಕಿತ್ತುಕೊಳ್ಳುವ ಮುನ್ನ ಅವನ ಮಾತನ್ನೂ ಕೇಳಲಿ.

ಮಗುಚಿದ ಗಾಡಿಯ ಮುಂದೆ ನಿಂತು ಬಯ್ಯುವುದು ಸುಲಭ. ಗಾಡಿ ಹೊರಡುವ ಮುನ್ನವೇ ಹೊಡೆಯುವವನ ಕಣ್ಣು ಕೆಂಪಾಗಿದೆಯೆ ಎಂದು ನೋಡುವುದು, ಕೆಂಪಾಗಿದ್ದರೆ ಅವನೇ ಅಂಜದೆ ಹೇಳುವಂತೆ ಮಾಡುವುದು, ಇದು ಆಡಳಿತದ ನಿಜವಾದ ಕೆಲಸ.